ಬಾಂದಗಲ್ಲು, ಹುಣಸೆಬೀಜ, ಮೊದಲ ಮೂಲೆ

ನಮ್ಮ ಅಕ್ಕನ ಮಗ ಒಂಬತ್ತನೇ ಕ್ಲಾಸು. ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಸೈಕಲ್ ಹೊಡೆಯುತ್ತ ನವನಗರದ ನಮ್ಮ ಮನೆಗೆ ಬರುತ್ತಾನೆ. ಪಡಸಾಲೆಯಲ್ಲಿ ಚಾಪೆ ಹಾಸಿ ಇಬ್ಬರೂ ಗೋ ಅನ್ನುವ ಕಪ್ಪು-ಬಿಳಿ ಕಲ್ಲಿನ ಹಲಗೆ ಆಟ ಆಡಲು ಕೂರುತ್ತೇವೆ. ಕಪ್ಪು ಕಲ್ಲು ನನ್ನ ಪಾಲಿಗೆ ಬಂದರೆ ಅವನು ಕೂತಲ್ಲಿಂದ ಎದ್ದುಬಿಡುತ್ತಾನೆ. ಅಡುಗೆಮನೆಗೆ ಹೋಗಿ ನೀರು ಕುಡಿಯುತ್ತಾನೆ. ಶೇಂಗಾ ಚಿಕ್ಕಿ ಡಬ್ಬಿ ಹುಡುಕುತ್ತಾನೆ. ಟಿವಿ ಮುಂದೆ ಕೂತ ಅಜ್ಜನ ಹತ್ತಿರ ಸ್ಕೋರ್ ಕೇಳುತ್ತಾನೆ. ತಿರುಗಿ ಬಂದಾಗಲೂ ನಾನು ಮೊದಲ ಕಲ್ಲನ್ನು ಬೆರಳಲ್ಲೇ ಹಿಡಿದು ಕೂತಿರುತ್ತೇನೆ. "ಮಾಮಾ, ಹಲಗಿ ಇನ್ನಾ ಖಾಲಿ ಐತಿ. ಖಾಲಿ ಹಲಗ್ಯಾಗ ಏನ್ ಕಾಣಾಕತ್ತೈತಿ ನಿಮಗ?" ಅಂತ ಕೇಳುತ್ತಾನೆ.

ಅವನು ಕೇಳುವುದು ಸರಿಯೇ. ಹತ್ತೊಂಬತ್ತು ಗೆರೆ ಅಡ್ಡ, ಹತ್ತೊಂಬತ್ತು ಉದ್ದ. ಗೆರೆ ಗೆರೆ ಕೂಡುವ ಕಡೆ ಕಲ್ಲು ಇಡಬೇಕು. ಒಟ್ಟು 361 ಜಾಗ. ಇಟ್ಟ ಕಲ್ಲು ಮತ್ತೆ ಸರಿಯುವುದಿಲ್ಲ. ಕಲ್ಲುಗಳಿಂದ ಬೇಲಿ ಕಟ್ಟಿ ಯಾರು ಹೆಚ್ಚು ಜಾಗ ಸುತ್ತುತ್ತಾರೋ ಅವರು ಗೆದ್ದಂತೆ. ಮೊದಲ ಕಲ್ಲನ್ನು ಮೂಲೆಯ ಹತ್ತಿರ ಇಡಬೇಕು ಅನ್ನುವುದನ್ನು ಆಟ ಕಲಿತ ಎರಡನೇ ದಿನವೇ ಎಲ್ಲರೂ ಹೇಳಿಕೊಡುತ್ತಾರೆ. ನಾಲ್ಕು ಮೂಲೆಯೂ ಒಂದೇ ಥರ. ಹಾಗಾಗಿ ನಿಜವಾಗಿ ಇರುವ ಆಯ್ಕೆ ನಾಲ್ಕೈದು ಮಾತ್ರ. ಆ ನಾಲ್ಕೈದರಲ್ಲೂ ನಾನು ಕೊನೆಗೆ ಇಡುವುದು ಪ್ರತಿಸಲ ಅದೇ ಜಾಗಕ್ಕೆ. ಎರಡೂ ಅಂಚಿನಿಂದ ನಾಲ್ಕನೇ ಗೆರೆ, ಕಪ್ಪು ಚುಕ್ಕೆ ಇರುವ ಕಡೆ. ಜಪಾನಿನವರು ಅದಕ್ಕೆ ಹೋಶಿ ಅನ್ನುತ್ತಾರೆ, ಅಂದರೆ ನಕ್ಷತ್ರ. ಇದೇ ನನ್ನನ್ನು ಕೊರೆಯುತ್ತಿರುವುದು. ಇಡುವುದು ಯಾವಾಗಲೂ ಅಲ್ಲೇ ಅಂದಮೇಲೆ ಆ ಹತ್ತು ನಿಮಿಷ ನಾನು ಯೋಚಿಸುವುದಾದರೂ ಏನನ್ನ?

ಯಾವ ದೇವಿ ಯಂತ್ರ?

ಮೊದಲು ನಮ್ಮ ಹಲಗೆಯ ಕತೆ. ಪುಣೆಯಲ್ಲಿ ಕೆಲಸಕ್ಕಿದ್ದಾಗ ಆಫೀಸಿನ ಗೆಳೆಯನೊಬ್ಬನಿಂದ ಈ ಆಟ ಕಲಿತೆ. ಹಲಗೆ ಅವನದು. ಊರಿಗೆ ವಾಪಸ್ ಬಂದಾಗ ನನ್ನ ಹತ್ತಿರ ಫೋನಿನ ಆಟವೊಂದೇ ಉಳಿದಿತ್ತು. ಬಾಗಲಕೋಟೆಯಲ್ಲಿ ಗೋ ಹಲಗೆ ಯಾರು ಮಾರುತ್ತಾರೆ? ಗೆರೆ ಹಾಕಿದ ಫೈಲು ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಫ್ಲೆಕ್ಸ್ ಅಂಗಡಿಗೆ ಹೋದೆ. ಅಂಗಡಿಯಲ್ಲಿ ಒಂದು ಕಡೆ ಹುಟ್ಟುಹಬ್ಬದ ಬ್ಯಾನರ್, ಇನ್ನೊಂದು ಕಡೆ ಜಾತ್ರೆಯ ಬ್ಯಾನರ್ ಒಣಗುತ್ತಿದ್ದವು. ಕಂಪ್ಯೂಟರ್ ಮುಂದಿದ್ದ ಹುಡುಗ ಫೈಲು ತೆಗೆದು ಬಹಳ ಹೊತ್ತು ನೋಡಿದ. "ಇದ್ಯಾವ ದೇವಿ ಯಂತ್ರರೀ? ಬೀಜಾಕ್ಷರ ಹಾಕೂದು ಮರತೀರೇನು?" ಅಂದ. ಆಟದ ಹಲಗೆ ಅಂತ ಹೇಳಿದೆ. ನಂಬಿದ ಹಾಗೆ ಕಾಣಲಿಲ್ಲ. ಆದರೆ ಗೆರೆಗಳನ್ನು ಅಳತೆ ತಪ್ಪದೆ ಹೊಡೆದುಕೊಟ್ಟ. ಅದನ್ನು ಪ್ಲೈವುಡ್ ತುಂಡಿಗೆ ಅಂಟಿಸಿದ್ದೇವೆ.

ಬಿಳಿ ಕಲ್ಲಿಗೆ ಅಂಗಿ ಗುಂಡಿ. ಟೇಲರ್ ಸಾಮಾನಿನ ಅಂಗಡಿಯಲ್ಲಿ ಗುಂಡಿ ಗ್ರೋಸ್ ಲೆಕ್ಕದಲ್ಲಿ ಕೊಡುತ್ತಾರೆ, ಗ್ರೋಸಿಗೆ 144. ಬಿಳಿಗೆ ಬೇಕಾದದ್ದು 180, ಹಾಗಾಗಿ ಎರಡು ಗ್ರೋಸ್ ತಂದೆ. ಕಪ್ಪಿಗೆ ಹುಣಸೆಬೀಜ, ಎಣಿಸಿ 181. ಒಂದು ಹೆಚ್ಚು, ಯಾಕೆಂದರೆ ಕಪ್ಪಿನವರೇ ಮೊದಲು ಆಡುವುದು. ಹುಣಸೆಬೀಜಕ್ಕೆ ಒಂದು ಕೆಟ್ಟ ಗುಣವಿದೆ, ನಿಂತ ಕಡೆ ನಿಲ್ಲುವುದಿಲ್ಲ. ಸ್ವಲ್ಪ ಮೊಣಕೈ ತಾಗಿದರೆ ಮೂರನೇ ಗೆರೆಯದು ನಾಲ್ಕನೇ ಗೆರೆಗೆ ಹೋಗಿ ಕೂರುತ್ತದೆ. ಮೂರಕ್ಕೂ ನಾಲ್ಕಕ್ಕೂ ಏನು ಮಹಾ ಫರಕು ಅನ್ನಬಹುದು. ಈ ಆಟದಲ್ಲಿ ಅದೇ ಫರಕು, ಜೀವನಪೂರ್ತಿ ಅದನ್ನೇ ಓದಿದವರಿದ್ದಾರೆ.

ಕಾರ್ನರ್ ಸೈಟು

ನಮ್ಮ ಕಡೆಯ ಆಟಗಳಲ್ಲಿ ಮೂಲೆಗೆ ಬೆಲೆ ಇಲ್ಲ. ಚೌಕಾಬಾರಾದಲ್ಲಿ ಗುಣಾಕಾರದ ಗುರುತು ಹಾಕಿದ ಮನೆಗಳು ನಾಲ್ಕೂ ಬದಿಯ ನಡುವೆ ಇರುತ್ತವೆ, ಒಂದು ಒಳಗೆ ಮಧ್ಯದಲ್ಲಿ. ಮೂಲೆಯ ಮನೆಯಲ್ಲಿ ಕಾಯಿ ನಿಂತರೆ ಹೊಡೆಸಿಕೊಳ್ಳಲಿಕ್ಕೇ ನಿಂತಂತೆ. ಹುಲಿ-ಕುರಿ ಆಟದಲ್ಲಿ ಹುಲಿ ಮೂಲೆಗೆ ಸೇರಿತು ಅಂದರೆ ಅದರ ಕತೆ ಮುಗಿಯಿತು. ಮಾತಿನಲ್ಲೂ ಅಷ್ಟೇ ಅಲ್ವಾ? ಯಾರನ್ನಾದರೂ ಲೆಕ್ಕಕ್ಕಿಲ್ಲದ ಹಾಗೆ ಮಾಡಿದರೆ ಮೂಲೆಗುಂಪು ಮಾಡಿದರು ಅನ್ನುತ್ತೇವೆ. (ಕೇರಂ ಒಂದು ಬೇರೆ. ಅಲ್ಲಿ ಇರುವುದೆಲ್ಲ ಮೂಲೆಯಲ್ಲೇ.) ಹಾಗಾಗಿ ಗೋ ಕಲಿಯುವಾಗ ನನ್ನ ಕೈ ತಾನಾಗಿ ನಡುಮಧ್ಯಕ್ಕೆ ಹೋಗುತ್ತಿತ್ತು. ಪುಣೆಯ ಗೆಳೆಯ ನಗುತ್ತಿದ್ದ. ಒಂದು ದಿನ ಕಲ್ಲು ಎಣಿಸಿ ತೋರಿಸಿದ. ಮೂರು ಅಡ್ಡ, ಮೂರು ಉದ್ದ, ಒಂಬತ್ತು ಜಾಗದ ಒಂದು ತುಂಡನ್ನು ಸುತ್ತಬೇಕು ಅಂತ ಇಟ್ಟುಕೊಳ್ಳಿ. ನಡುವೆ ಆದರೆ 12 ಕಲ್ಲು ಬೇಕು. ಅಂಚಿಗೆ ಒತ್ತಿಕೊಂಡು ಆದರೆ 9. ಮೂಲೆಯಲ್ಲಿ ಆರೇ ಆರು. ಎರಡು ಬದಿಯ ಬೇಲಿಯನ್ನು ಹಲಗೆಯ ಅಂಚೇ ಪುಕ್ಕಟೆ ಕಟ್ಟಿಕೊಡುತ್ತದೆ.

ಬಾಗಲಕೋಟೆಯವನಿಗೆ ಇದನ್ನು ಕೇಳಿದ ಕೂಡಲೇ ಕಾರ್ನರ್ ಸೈಟು ನೆನಪಾಗದೆ ಇರುತ್ತದೆಯೇ? ನಮ್ಮದು ಮುಳುಗಡೆ ಊರು. ಆಲಮಟ್ಟಿಯಲ್ಲಿ ನೀರು ನಿಂತಿತು, ಘಟಪ್ರಭೆ ಹಿಂದಕ್ಕೆ ಉಬ್ಬಿತು, ಹಳೇ ಊರಿನ ಎಷ್ಟೋ ಓಣಿ ಖಾಲಿಯಾದವು. 519.60 ಮೀಟರ್ ಅನ್ನುವ ನೀರಿನ ಮಟ್ಟದ ಅಂಕಿ ನಮ್ಮೂರಿನ ಸಣ್ಣ ಹುಡುಗರಿಗೂ ಬಾಯಿಪಾಠ ಇತ್ತು. ನವನಗರದಲ್ಲಿ ಸೆಕ್ಟರ್ ಸೆಕ್ಟರ್ ಗೆರೆ ಹೊಡೆದು ಸೈಟು ಮಾಡಿದರು. ಮೇಲಿಂದ ನೋಡಿದರೆ ಅದೂ ಒಂದು ದೊಡ್ಡ ಗೋ ಹಲಗೆಯೇ. ಆಗ ನಾನು ಹೈಸ್ಕೂಲು. ಮನೆಯಲ್ಲಿ ಎರಡು ವರ್ಷ ಬೇರೆ ಮಾತೇ ಇರಲಿಲ್ಲ. ಯಾರಿಗೆ ಕಾರ್ನರ್ ಬಂತು, ಯಾರಿಗೆ ನಡುವಿನದು ಬಂತು, ಯಾರದು ಪೂರ್ವಕ್ಕೆ ಮುಖ. ನಮಗೆ ಬಂದದ್ದು ಸಾಲಿನ ನಡುವಿನ ಸೈಟು. ಅವ್ವ ಒಂದು ವಾರ ಸರಿಯಾಗಿ ಊಟ ಮಾಡಲಿಲ್ಲ. ಅಪ್ಪ ಮಾತ್ರ ಹಕ್ಕುಪತ್ರ ಮಡಚಿ ಕಿಸೆಯಲ್ಲಿಟ್ಟುಕೊಂಡು ಹೇಳಿದ್ದು ಇಷ್ಟು: "ಎರಡೂ ಬಾಜೂ ಮಂದಿ ಗ್ವಾಡಿ ಕಟ್ಟತಾರ. ನಮಗ ಮುಂದಿಂದು ಹಿಂದಿಂದು ಅಷ್ಟ. ಕಾರ್ನರ್‌ದವ ಎರಡು ರಸ್ತಿಗೆ ಕಂಪೌಂಡ್ ಕಟ್ಟಿ ಕಟ್ಟಿ ಸಾಲ ಆಗತಾನ."

ಬಹಳ ವರ್ಷದ ಮೇಲೆ, ಹುಣಸೆಬೀಜ ಎಣಿಸುತ್ತ ಕೂತಾಗ ಆ ಮಾತು ನೆನಪಾಗಿ ನಗು ಬಂತು. ನಾನು ಹೋಲಿಕೆಯನ್ನು ಉಲ್ಟಾ ಮಾಡಿಕೊಂಡಿದ್ದೆ. ಗೋ ಹಲಗೆಯ ಮೂಲೆ ನಮ್ಮೂರಿನ ಕಾರ್ನರ್ ಸೈಟಿನಂತೆ ಅಲ್ಲ, ನಮ್ಮ ನಡುವಿನ ಸೈಟಿನಂತೆ. ಎರಡು ಕಡೆ ಬೇರೆಯವರ ಗೋಡೆ, ನಮಗೆ ಖರ್ಚು ಕಮ್ಮಿ. ಹಾಗಾದರೆ ಊರಿನಲ್ಲಿ ಕಾರ್ನರ್ ಸೈಟಿಗೆ ಅಷ್ಟು ರೇಟು ಯಾಕೆ? ಮನೆಗಾಗಿ ಅಲ್ಲ, ಅಂಗಡಿಗಾಗಿ. ಎರಡು ರಸ್ತೆಗೂ ಶಟರ್ ತೆಗೆಯಬಹುದು, ಹೋಗುವವರು ಬರುವವರು ಎಲ್ಲ ಕಾಣುತ್ತಾರೆ. ಗೋ ಹಲಗೆಯ ಮೂಲೆಯಲ್ಲೂ ಈ ಎರಡು ಬುದ್ಧಿ ಇವೆ. ಒಳಗೆ ಸೇರಿ ಬಾಗಿಲು ಹಾಕಿಕೊಂಡು ನಿಶ್ಚಿಂತೆಯಿಂದ ಮಲಗುವುದು ಒಂದು. ಹೊರಗೆ ಮುಖ ಮಾಡಿ ಇಡೀ ಬೀದಿ ನನ್ನದು ಅಂತ ಕೂರುವುದು ಇನ್ನೊಂದು. ಮೂರನೇ ಗೆರೆಯವರು ಮನೆಯವರು. ನಾಲ್ಕನೇ ಗೆರೆಯವರು ಅಂಗಡಿಯವರು.

ಮುಖ ಯಾವ ಕಡೆ?

ಈಗ ಆ ನಾಲ್ಕೈದು ಜಾಗಗಳ ಬಗ್ಗೆ. ನಾಲ್ಕು-ನಾಲ್ಕು, ಅಂದರೆ ಹೋಶಿ, ಅಪ್ಪಟ ಅಂಗಡಿ. ಎರಡು ಬದಿಯಿಂದಲೂ ನಾಲ್ಕನೇ ಗೆರೆ, ಎರಡೂ ಬೀದಿಗೆ ಸಮ. ಮೂರು-ಮೂರು, ಅಂದರೆ ಸಾನ್-ಸಾನ್, ಅಪ್ಪಟ ಮನೆ. ಒಂದೇ ಕಲ್ಲಿಗೆ ಮೂಲೆ ನಿನ್ನದು. ಆದರೆ ಕುಳ್ಳು. ಎದುರಿನವನು ಮೇಲಿಂದ ಒತ್ತಿದರೆ ತಲೆ ಎತ್ತಲಿಕ್ಕಾಗುವುದಿಲ್ಲ. ಇವೆರಡರ ನಡುವೆ ಮೂರು-ನಾಲ್ಕು ಇದೆ, ಕೊಮೊಕು. ಒಂದು ಅಂಚಿಗೆ ಮೂರು, ಇನ್ನೊಂದಕ್ಕೆ ನಾಲ್ಕು. ಇದಕ್ಕೆ ಮುಖ ಇದೆ. ಅಂಚಿನಿಂದ ಅಂಚಿಗೆ ಅದಲು ಬದಲು ಮಾಡಿ ಇಟ್ಟರೆ ಅದೇ ಮೂಲೆಯಲ್ಲಿ ಬೇರೆ ದಿಕ್ಕಿಗೆ ತಿರುಗಿ ಕೂರುತ್ತದೆ. ಇನ್ನೊಂದು ಕಲ್ಲು ಜೊತೆಗೆ ಹಾಕಿದರೆ ಮೂಲೆ ಭದ್ರ. ಹಾಕುವ ಮೊದಲೇ ಎದುರಿನವನು ಬಂದು ಬಾಗಿಲಲ್ಲಿ ನಿಂತರೆ ಜಗಳ ಶುರು. ಮೂರು-ಐದು, ನಾಲ್ಕು-ಐದು ಅಂತ ಇನ್ನೆರಡಿವೆ. ಅವು ಹೊರಗೆ ಚಾಚಿಕೊಂಡವು, ಬಡಿದಾಡುವ ಆಸೆ ಇದ್ದವರಿಗೆ. ನಾನು ಒಮ್ಮೆ ಇಟ್ಟು ನೋಡಿ ಕೈ ಮುಗಿದಿದ್ದೇನೆ.

ಹಳೇ ಜಪಾನಿನಲ್ಲಿ ಮೊದಲ ಕಲ್ಲು ಅಂದರೆ ಮೂರು-ನಾಲ್ಕು. 1829ರಲ್ಲಿ ಹುಟ್ಟಿ 1862ರಲ್ಲೇ ಕಾಲರಾದಿಂದ ತೀರಿಕೊಂಡ ಶುಸಾಕು ಅನ್ನುವ ಆಟಗಾರನ ಹೆಸರಿನಲ್ಲಿ ಒಂದು ಆರಂಭವೇ ಇದೆ. ಕಪ್ಪಿನ ಮೊದಲ ಮೂರು ಕಲ್ಲೂ ಮೂರು ಮೂಲೆಯಲ್ಲಿ ಮೂರು-ನಾಲ್ಕರ ಜಾಗದಲ್ಲೇ, ಒಂದೊಂದರ ಮುಖ ಒಂದೊಂದು ಕಡೆ. ಕೋಟೆಯಲ್ಲಿ ನಡೆಯುತ್ತಿದ್ದ ವರ್ಷದ ಪಂದ್ಯಗಳಲ್ಲಿ ಅವನು 19 ಆಡಿ 19ನ್ನೂ ಗೆದ್ದ. ಆಗ ಮೊದಲು ಆಡುವುದರ ಲಾಭಕ್ಕೆ ಕಪ್ಪು ಏನೂ ಕಟ್ಟಿಕೊಡಬೇಕಾಗಿರಲಿಲ್ಲ. ಈಗ ಕಟ್ಟಿಕೊಡಬೇಕು, ಅದಕ್ಕೆ ಕೋಮಿ ಅನ್ನುತ್ತಾರೆ. ಜಪಾನಿನ ಲೆಕ್ಕದಲ್ಲಿ 6.5 ಅಂಕ, ಚೀನಾದಲ್ಲಿ 7.5. ಅರ್ಧ ಯಾಕೆ ಅಂದರೆ ಆಟ ಸಮ ಆಗಬಾರದು ಅಂತ.

ಆ ಕಾಲದಲ್ಲಿ ಗೋ ಗುರುಗಳಾಗಿದ್ದ ಹೊನಿನ್‌ಬೊ ಮನೆತನದವರು ಮೂರು-ಮೂರನ್ನು ಮೊದಲಿಗೇ ಇಡಬಾರದು ಅನ್ನುತ್ತಿದ್ದರಂತೆ. ಅದಕ್ಕೆ ಅವರು ಇಟ್ಟ ಹೆಸರು ಕಿಮೊನ್, ಅಂದರೆ ಭೂತದ ಬಾಗಿಲು. ಕಿಮೊನ್ ಅಂದರೆ ಜಪಾನಿನಲ್ಲಿ ಈಶಾನ್ಯ ದಿಕ್ಕು. ಕೆಟ್ಟದ್ದೆಲ್ಲ ಊರೊಳಗೆ ಬರುವುದು ಆ ಕಡೆಯಿಂದ. ಕ್ಯೋಟೋ ನಗರದ ಈಶಾನ್ಯಕ್ಕೆ ಇರುವ ಹಿಯೇ ಬೆಟ್ಟದ ದೊಡ್ಡ ಬೌದ್ಧ ಮಠವನ್ನು ಊರಿನ ಕಾವಲು ಅಂತಲೇ ನಂಬಿದ್ದರು. ಇದನ್ನು ಓದಿದ ದಿನ ನಾನು ಅವ್ವನಿಗೆ ಹೇಳಿದೆ. ಅವ್ವ ನನ್ನನ್ನು ಹುಚ್ಚನನ್ನು ನೋಡುವ ಹಾಗೆ ನೋಡಿದಳು. ನಮ್ಮಲ್ಲಿ ಈಶಾನ್ಯ ಅಂದರೆ ದೇವಮೂಲೆ. ನೀರಿನ ತೊಟ್ಟಿ ಅಲ್ಲಿ, ದೇವರ ಜಗಲಿ ಅಲ್ಲಿ. ಅಲ್ಲಿ ಬಚ್ಚಲು ಬಂತು ಅಂತ ನಮ್ಮ ಸೆಕ್ಟರಿನಲ್ಲೇ ಒಬ್ಬರು ಕಟ್ಟಿದ ಗೋಡೆ ಒಡೆಸಿದ್ದಾರೆ. ಇನ್ನೂ ಒಂದು ತಮಾಷೆ ಕೇಳಿ. ಗೋ ಆಟದಲ್ಲಿ ಕಪ್ಪಿನವರು ಮೊದಲ ಕಲ್ಲನ್ನು ತಮ್ಮ ಎದುರಿನ ಬಲಮೂಲೆಗೆ ಇಡುವುದು ವಾಡಿಕೆ. ಎದುರಿನವರ ಬಲಗೈಗೆ ಸಲೀಸಾಗಿ ಸಿಗುವ ಮೂಲೆಯನ್ನು ಅವರಿಗೆ ಬಿಡುವ ಮರ್ಯಾದೆ ಅದು. ಉತ್ತರಕ್ಕೆ ಮುಖ ಮಾಡಿ ಕೂತರೆ ಆ ಬಲಮೂಲೆ ಯಾವುದು? ಈಶಾನ್ಯವೇ. ನಮ್ಮ ಪಡಸಾಲೆಯಲ್ಲಿ ನಾನು ಕೂರುವುದು ಉತ್ತರಕ್ಕೆ ಮುಖ ಮಾಡಿ. ದೇವರ ಮೂಲೆಯೋ ಭೂತದ ಬಾಗಿಲೋ, ನನ್ನ ಹುಣಸೆಬೀಜ ಹೋಗುವುದು ಅಲ್ಲಿಗೇ.

ಆ ಭೂತದ ಬಾಗಿಲನ್ನು ತೆಗೆದವನು ಗೋ ಸೈಗೆನ್ ಅನ್ನುವ ಆಟಗಾರ. ಹುಟ್ಟಿದ್ದು ಚೀನಾದಲ್ಲಿ, 1914ರಲ್ಲಿ. ಹದಿನಾಲ್ಕನೇ ವಯಸ್ಸಿಗೆ ಜಪಾನಿಗೆ ಬಂದ. 1933ರಲ್ಲಿ, ಹತ್ತೊಂಬತ್ತರ ಹುಡುಗ, ಆಗಿನ ಹಿರಿಯ ಆಚಾರ್ಯ ಶುಸಾಯ್ ಎದುರು ಕೂತ. ಮೊದಲ ಕಲ್ಲು ಮೂರು-ಮೂರಕ್ಕೆ. ಎರಡನೆಯದು ಎದುರಾ ಬದುರಾ ಮೂಲೆಯ ನಾಲ್ಕು-ನಾಲ್ಕಕ್ಕೆ. ಮೂರನೆಯದು ಹಲಗೆಯ ನಟ್ಟನಡುವೆ. ನೋಡುತ್ತಿದ್ದವರಿಗೆ ಅದು ಹುಡುಗಾಟಿಕೆಯ ಹಾಗೆ, ಹಿರಿಯರಿಗೆ ಮಾಡಿದ ಅಪಮಾನದ ಹಾಗೆ ಕಂಡಿತು. ಆಟ ನಿಲ್ಲಿಸಿ ನಿಲ್ಲಿಸಿ ತಿಂಗಳುಗಟ್ಟಲೆ ನಡೆದು ಮರುವರ್ಷ ಜನವರಿಯಲ್ಲಿ ಮುಗಿಯಿತು. ಹುಡುಗ ಎರಡು ಅಂಕದಿಂದ ಸೋತ. ಆದರೆ ಅವನೂ ಅವನ ಗೆಳೆಯ ಕಿತಾನಿಯೂ ಶುರು ಮಾಡಿದ ಹೊಸ ಆರಂಭಗಳು ನಿಂತವು. ಹೋಶಿಯಲ್ಲಿ ಮೊದಲ ಕಲ್ಲು ಇಡುವುದು ಮಾಮೂಲಿ ಆಯಿತು. ನನ್ನಂಥ ಪುಕ್ಕಲರು ಇವತ್ತು ಕಣ್ಣು ಮುಚ್ಚಿ ಇಡುವ ಜಾಗ ಒಂದು ಕಾಲದಲ್ಲಿ ಧೈರ್ಯಸ್ಥರ ಜಾಗವಾಗಿತ್ತು.

"ನೀವು ಬರೇ ನಿಂತೀರಿ"

ನಾನು ಆಟ ಕಲಿತಾಗ ಹೇಳಿಕೊಟ್ಟಿದ್ದು ಹೀಗೆ. ಹೋಶಿಯ ಕಲ್ಲಿನ ಕೆಳಗೆ ಮೂರು-ಮೂರು ಖಾಲಿ ಇರುತ್ತದೆ ನಿಜ, ಯಾರು ಬೇಕಾದರೂ ನುಗ್ಗಬಹುದು ನಿಜ. ಆದರೆ ಶುರುವಿನಲ್ಲೇ ನುಗ್ಗಬಾರದು. ನುಗ್ಗಿದವನಿಗೆ ಮೂಲೆಯಲ್ಲಿ ಹತ್ತೋ ಹನ್ನೊಂದೋ ಅಂಕ ಸಿಗುತ್ತದೆ, ಹೊರಗಿನವನಿಗೆ ದಪ್ಪ ಗೋಡೆ ಸಿಗುತ್ತದೆ, ಗೋಡೆಯೇ ಲಾಭ. ನಾನು ಇದನ್ನು ಪೂರ್ತಿ ನಂಬಿದ್ದೆ. ಅಕ್ಕನ ಮಗ ಕಲಿತದ್ದು ನನ್ನಿಂದಲ್ಲ. ನಿಯಮ ನನ್ನಿಂದ ಕಲಿತ, ಆಟ ಕಂಪ್ಯೂಟರಿನಿಂದ ಕಲಿತ. ಎರಡು ವರ್ಷದ ಹಿಂದೆ ಒಂದು ಭಾನುವಾರ ನಾನು ಹತ್ತು ನಿಮಿಷ ಯೋಚಿಸಿ ಹೋಶಿಯಲ್ಲಿ ಬೀಜ ಇಟ್ಟೆ. ಅವನು ತನ್ನ ಮೂಲೆಯಲ್ಲಿ ಒಂದು ಗುಂಡಿ ಇಟ್ಟ. ನಾನು ಇನ್ನೊಂದು ಹೋಶಿ ಹಿಡಿದೆ. ಅವನು ಬೆರಳಲ್ಲಿ ಗುಂಡಿ ತಿರುಗಿಸುತ್ತ, ಏನೂ ಯೋಚಿಸದೆ, ನನ್ನ ಮೊದಲ ಮೂಲೆಯ ಮೂರು-ಮೂರಕ್ಕೆ ಸೀದಾ ನುಗ್ಗಿದ.

"ಏ, ಇಷ್ಟ ಜಲ್ದಿ ಹಂಗ ಬರಬಾರದೋ. ಅದು ನಂದು ಮೂಲಿ" ಅಂದೆ.

"ನಿಮ್ದು ಹೆಂಗಾತು ಮಾಮಾ? ಅಲ್ಲಿ ನೀವು ಬರೇ ನಿಂತೀರಿ."

ಆಟದಲ್ಲಿ ಆಮೇಲೆ ಏನಾಯಿತು ಅನ್ನುವುದಕ್ಕಿಂತ ಈ ಮಾತು ನನ್ನ ತಲೆಯಲ್ಲಿ ಉಳಿಯಿತು. ಆದರೂ ಹೇಳುತ್ತೇನೆ. ನಾನು ಒಂದು ಕಡೆ ಅಡ್ಡ ನಿಂತೆ, ಅವನು ಇನ್ನೊಂದು ಕಡೆ ತೆವಳಿದ. ಹಳೇ ಪಾಠದ ಪ್ರಕಾರ ಅವನು ಎರಡನೇ ಗೆರೆಯಲ್ಲಿ ಇನ್ನೆರಡು ಕಲ್ಲು ಹಾಕಿ ತನ್ನ ಜೀವ ಭದ್ರ ಮಾಡಿಕೊಳ್ಳಬೇಕು, ಅಷ್ಟರಲ್ಲಿ ನನ್ನ ಗೋಡೆಯೂ ಗಟ್ಟಿಯಾಗುತ್ತದೆ. ನಾನು ಆ ಎರಡು ಕಲ್ಲಿಗೆ ಕಾಯುತ್ತ ಕೂತೆ. ಅವನು ಅವುಗಳನ್ನು ಹಾಕಲೇ ಇಲ್ಲ. ಎದ್ದು ಹೋಗಿ ಬೇರೆ ಮೂಲೆ ಹಿಡಿದ. ನನ್ನ ಗೋಡೆ ನೋಡಿದರೆ ಅರ್ಧಕ್ಕೆ ನಿಂತ ಕಂಪೌಂಡ್. ಸಿಮೆಂಟು ಹಾಕಿಲ್ಲ, ಕಂಬಿ ಹೊರಗೆ ಚಾಚಿಕೊಂಡಿದೆ. ಮುಂದೆ ಅದನ್ನು ಕಾಯುವುದೇ ನನಗೊಂದು ಕೆಲಸವಾಯಿತು. ಸೋತೆ. ಎಷ್ಟು ಅಂಕದಿಂದ ಅಂತ ಕೇಳಬೇಡಿ.

ಇದು ಅವನ ಬುದ್ಧಿಯಲ್ಲ, ಆಲ್ಫಾಗೋ ಅನ್ನುವ ಕಂಪ್ಯೂಟರ್ ಪ್ರೋಗ್ರಾಮಿನ ಬುದ್ಧಿ. 2016ರ ಮಾರ್ಚ್‌ನಲ್ಲಿ ಕೊರಿಯಾದ ಸೋಲ್ ನಗರದಲ್ಲಿ ಆ ಯಂತ್ರ ಅಲ್ಲಿಯ ದೊಡ್ಡ ಆಟಗಾರ ಲೀ ಸೆಡಾಲ್‌ನನ್ನು 4-1ರಿಂದ ಸೋಲಿಸಿತಲ್ಲ, ಆಗ ನಾನು ಪುಣೆಯ ಆಫೀಸಿನಲ್ಲಿ ಬೆಳಿಗ್ಗೆ ಒಂಬತ್ತೂವರೆಗೆ ಕದ್ದು ಲೈವ್ ನೋಡುತ್ತಿದ್ದೆ. ಎರಡನೇ ಆಟದ 37ನೇ ನಡೆಗೆ ವಿವರಣೆ ಕೊಡುತ್ತಿದ್ದ ಪರಿಣಿತರೇ ತಡವರಿಸಿದರು. ನಾಲ್ಕನೇ ಆಟದಲ್ಲಿ 78ನೇ ನಡೆಯಿಂದ ಲೀ ಗೆದ್ದಾಗ ನಮ್ಮ ಸಾಲಿನಲ್ಲಿ ಒಬ್ಬ ಎದ್ದು ನಿಂತು ಚಪ್ಪಾಳೆ ಹೊಡೆದು ಮ್ಯಾನೇಜರ್ ಕೈಗೆ ಸಿಕ್ಕಿಬಿದ್ದ. ಆದರೆ ನಮ್ಮಂಥ ಸಣ್ಣ ಆಟಗಾರರ ಮೂಲೆಗಳನ್ನು ಕೆಡಿಸಿದ್ದು ಆ ಪಂದ್ಯವಲ್ಲ. ಅದೇ ವರ್ಷದ ಕೊನೆಗೆ, ಹೊಸವರ್ಷದ ಆಚೀಚೆ, ಅದು ಮಾಸ್ಟರ್ ಅನ್ನುವ ಹೆಸರಿನಲ್ಲಿ ಆನ್‌ಲೈನ್‌ಗೆ ಬಂದು ದೊಡ್ಡ ದೊಡ್ಡವರ ಜೊತೆ 60 ಆಟ ಆಡಿ ಅರವತ್ತನ್ನೂ ಗೆದ್ದಿತು. ಅಲ್ಲಿ ಈ ಜಲ್ದಿ ನುಗ್ಗುವ ಚಾಳಿ ಎಲ್ಲರ ಕಣ್ಣಿಗೆ ಬಿತ್ತು. ತಲೆಮಾರುಗಳಿಂದ ಗುರುಗಳು ಬೈಯುತ್ತ ಬಂದ ನಡೆ ಒಂದೆರಡು ವರ್ಷದಲ್ಲಿ ಮಕ್ಕಳ ಮೊದಲ ಪಾಠವಾಯಿತು.

ನನಗೆ ಇದರಲ್ಲಿ ಸ್ವಲ್ಪ ಹೊಟ್ಟೆಯುರಿ ಇದೆ, ಮುಚ್ಚಿಡುವುದಿಲ್ಲ. ನಾನು ಜೋಸೆಕಿಗಳನ್ನು, ಅಂದರೆ ಮೂಲೆಯ ನಡೆ-ಎದುರುನಡೆಗಳ ಸರಣಿಗಳನ್ನು, ಬಸ್ಸಿನಲ್ಲಿ ನಿಂತುಕೊಂಡು ಮಗ್ಗಿಯ ಹಾಗೆ ಉರು ಹೊಡೆದವನು. ಗೋ ಆಡುವವರಲ್ಲಿ ಒಂದು ಗಾದೆ ಇದೆ, ಜೋಸೆಕಿ ಕಲಿತರೆ ಎರಡು ಕಲ್ಲಿನಷ್ಟು ಬಲ ಕಮ್ಮಿ ಅಂತ. ನನ್ನ ವಿಷಯದಲ್ಲಿ ಎರಡಕ್ಕಿಂತ ಜಾಸ್ತಿಯೇ ಆಗಿರಬೇಕು.

ಎರೆಯೊಳಗಿನ ಕಲ್ಲು

"ನೀವು ಬರೇ ನಿಂತೀರಿ" ಅನ್ನುವುದನ್ನು ಅದೇ ವರ್ಷ ಬೇಸಿಗೆಯಲ್ಲಿ ಬೇರೆ ರೀತಿ ಕೇಳಿದೆ. ನಮ್ಮದು ಊರಾಚೆ ನಾಲ್ಕೆಕರೆ ಎರೆ ಹೊಲ ಉಳಿದಿದೆ. ಬಿಳಿಜೋಳ, ಕಡಲೆ. ಬಾಜೂ ಹೊಲದವರ ನೇಗಿಲು ವರ್ಷಕ್ಕೊಂದು ಸಾಲು ನಮ್ಮ ಕಡೆ ಸರಿಯುತ್ತಿದೆ ಅನ್ನುವ ಗುಮಾನಿ ಅಪ್ಪನಿಗೆ. ಜಗಳ ಬೇಡ, ಅಳೆಸಿಬಿಡೋಣ ಅಂತ ಹದ್ದುಬಸ್ತಿಗೆ ಅರ್ಜಿ ಕೊಟ್ಟಿದ್ದೆವು. ಮೋಜಣಿಯವರು ಬಂದ ದಿನ ಜೋಳ ಕಿತ್ತು ತಿಂಗಳಾಗಿತ್ತು. ಎರೆ ಬಿರಿದು ಒಂದೊಂದು ಬಿರುಕಿನಲ್ಲಿ ಮೊಣಕಾಲತನಕ ಕಾಲು ಹೋಗುವ ಹಾಗಿತ್ತು. ಕೂಳೆ ಚಪ್ಪಲಿಗೆ ಚುಚ್ಚುತ್ತಿತ್ತು. ಅವರು ನಕ್ಷೆ ಬಿಚ್ಚಿ ಮೋಟರ್‌ಸೈಕಲ್ ಸೀಟಿನ ಮೇಲೆ ಹಾಸಿದರು. ಗಾಳಿಗೆ ಹಾರದ ಹಾಗೆ ಒಂದು ಮೂಲೆಗೆ ನೀರಿನ ಬಾಟಲಿ, ಒಂದು ಮೂಲೆಗೆ ನಮ್ಮ ಅಪ್ಪನ ಟವೆಲು, ಉಳಿದೆರಡು ಮೂಲೆಗೆ ನನ್ನ ಎರಡು ಕೈ.

ಬಾಂದಗಲ್ಲು ಎಲ್ಲಿದೆ ಅಂತ ಕೇಳಿದರು. ಅಪ್ಪ ಒಂದು ಜಾಲಿಗಿಡ ತೋರಿಸಿದ. ಅಲ್ಲಿ ಇರಲಿಲ್ಲ. ಎರೆಮಣ್ಣು ಕಲ್ಲನ್ನೂ ನುಂಗುತ್ತದೆ, ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿದು ಬಿರಿದು ಕೆಳಗೆ ಎಳೆದುಕೊಳ್ಳುತ್ತದೆ. ಗುದ್ದಲಿ ತರಿಸಿದೆವು. ಸರಪಳಿ ಹಿಡಿದು ಆ ಕಡೆಯ ಗುರುತಿನಿಂದ ಅಳೆದುಕೊಂಡು ಬಂದು ಒಂದು ಕಡೆ ಗೂಟ ಹೊಡೆದರು. ಅಲ್ಲಿ ಅಗೆದೆವು. ಮೊಣಕಾಲುದ್ದ ಹೋದಮೇಲೆ ಗುದ್ದಲಿ ಠಣ್ ಅಂದಿತು. ಅಪ್ಪ ಹಳ್ಳಕ್ಕಿಳಿದು ಬರಿಗೈಯಲ್ಲಿ ಮಣ್ಣು ಬಳಿದ. ಕಲ್ಲಿನ ತಲೆ ಕಾಣಿಸಿತು. ಅಪ್ಪನ ಮುಖ ನೋಡಬೇಕಿತ್ತು. ಅಲ್ಲೇ ಕೂತು ಕಲ್ಲಿನ ಮೇಲೆ ಕೈಯಿಟ್ಟು, "ನೋಡ್ರಿ ಸಾಹೇಬ್ರ, ಮೂಲಿ ಸಿಕ್ತು. ಹೊಲ ಸಿಕ್ಕಂಗ" ಅಂದ.

ಮೋಜಣಿಯವರು ಬೆವರು ಒರೆಸಿಕೊಳ್ಳುತ್ತ ತಣ್ಣಗೆ ಹೇಳಿದರು. "ಯಜಮಾನ್ರ, ಒಂದ ಕಲ್ಲಿಂದ ಏನೂ ಆಗೂದಿಲ್ಲ. ಇದು ಬರೇ ಕಲ್ಲು. ಇನ್ನೊಂದು ಸಿಗಲಿ, ಆಗ ಗೆರಿ ಆಗತೈತಿ."

ಇನ್ನೊಂದು ಹುಡುಕಲು ಮಧ್ಯಾಹ್ನ ಮೂರು ಗಂಟೆ ಆಯಿತು. ಅದು ಬಾಜೂದವರ ಬದುವಿನ ಒಳಗೇ ಇತ್ತು, ಅಡ್ಡ ಮಲಗಿಕೊಂಡು. ಸಾಲು ಸರಿದಿತ್ತು, ಆದರೆ ಅಪ್ಪ ಅಂದುಕೊಂಡಷ್ಟು ಅಲ್ಲ. ಒಂದು ಕಡೆ ನಾವೇ ಅವರೊಳಗೆ ಸರಿದಿದ್ದೆವು. ಅದನ್ನು ಅಪ್ಪ ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ನಾನೂ ಇಲ್ಲಿ ಬರೆಯಬಾರದಿತ್ತು.

ಬಸ್ಸಿನಲ್ಲಿ ಬರುವಾಗ ನನಗೆ ಹೋಶಿಯೇ ಕಣ್ಣ ಮುಂದೆ. ಒಂದು ಕಲ್ಲು ಬರೇ ಕಲ್ಲು. ನಾನು ಇಷ್ಟು ವರ್ಷ ಮೊದಲ ಕಲ್ಲನ್ನು ಉತಾರದ ಹಾಗೆ ನೋಡುತ್ತಿದ್ದೆ. ಇಟ್ಟರೆ ಮೂಲೆ ನನ್ನ ಹೆಸರಿಗೆ ಆಯಿತು ಅನ್ನುವ ಹಾಗೆ. ಮುಳುಗಡೆ ಊರಿನವನ ರೋಗ ಇದು ಅನ್ನಿಸುತ್ತದೆ. ಯಾವುದೋ ಒಂದು ಜಾಗ ಹೆಸರಿಗೆ ಆದರೆ ಸಾಕು ಅಂತ ಎರಡು ವರ್ಷ ಮನೆಮಂದಿಯೆಲ್ಲ ಉಸಿರು ಹಿಡಿದು ಕೂತಿದ್ದನ್ನು ನೋಡಿ ಬೆಳೆದವನು ನಾನು. ಆದರೆ ಗೋ ಹಲಗೆಯಲ್ಲಿ ಮೊದಲ ಕಲ್ಲು ಏನನ್ನೂ ಕೊಡುವುದಿಲ್ಲ. ಎರಡನೇ ಕಲ್ಲು ಎಲ್ಲಿಗೆ ಬರಬಹುದು ಅನ್ನುವುದನ್ನಷ್ಟೇ ಹೇಳುತ್ತದೆ. ಎದುರಿನವನು ಎಲ್ಲಿಂದ ಬರಬಹುದು ಅನ್ನುವುದನ್ನೂ. ಹೋಶಿಯಲ್ಲಿ ಇಟ್ಟರೆ ಕೆಳಗಿಂದ ಬಾ ಅಂದಂತೆ. ಮೂರು-ನಾಲ್ಕರಲ್ಲಿ ಇಟ್ಟರೆ ಬಾಗಿಲಿಗೆ ಬಾ, ಮಾತಾಡೋಣ ಅಂದಂತೆ.

ಕಟಾಗೋ ಅನ್ನುವ ಪ್ರೋಗ್ರಾಂ ಇದೆ, 2019ರಿಂದ ಪುಕ್ಕಟೆ ಸಿಗುತ್ತದೆ. ನಮ್ಮ ಹಳೇ ಲ್ಯಾಪ್‌ಟಾಪಿನಲ್ಲೂ ಏದುಸಿರು ಬಿಡುತ್ತ ಓಡುತ್ತದೆ. ಖಾಲಿ ಹಲಗೆ ತೋರಿಸಿ ಎಲ್ಲಿಡಲಿ ಅಂತ ಕೇಳಿದೆ. ನಾಲ್ಕು-ನಾಲ್ಕಕ್ಕೂ ಮೂರು-ನಾಲ್ಕಕ್ಕೂ ಗೆಲ್ಲುವ ಸಾಧ್ಯತೆಯಲ್ಲಿ ಶೇಕಡಾ ಒಂದರಷ್ಟೂ ವ್ಯತ್ಯಾಸ ತೋರಿಸಲಿಲ್ಲ. ಅದಕ್ಕೆ ಎರಡೂ ಒಂದೇ. ನನ್ನಂಥವನು ಮೊದಲ ಐವತ್ತು ನಡೆಯಲ್ಲಿ ಮಾಡುವ ತಪ್ಪಿನ ಮುಂದೆ ಅದು ಸಮುದ್ರದಲ್ಲಿ ಉಪ್ಪಿನ ಕಾಳು. ಅಂದರೆ ಹತ್ತು ನಿಮಿಷ ನಾನು ಲೆಕ್ಕ ಹಾಕುತ್ತಿರಲಿಲ್ಲ. ಲೆಕ್ಕ ಹಾಕುವಂಥದ್ದು ಅಲ್ಲಿ ಏನೂ ಇಲ್ಲ. ಮೂರು-ನಾಲ್ಕರಲ್ಲಿ ಇಟ್ಟರೆ ಬರುವ ಜಗಳವನ್ನು ನೆನೆಸಿಕೊಂಡು, ಬೇಡಪ್ಪ ಅಂತ ಹೋಶಿಗೆ ಬರುತ್ತಿದ್ದೆ. ಹೆದರಲಿಕ್ಕೆ ನನಗೆ ಹತ್ತು ನಿಮಿಷ ಬೇಕಾಗುತ್ತಿತ್ತು, ಅಷ್ಟೇ.

ಅಪ್ಪನ ಮೂಲೆ

ಒಂದು ಸಲ ಹುಡುಗನೇ ಅಜ್ಜನನ್ನು ಕರೆದ. "ಅಜ್ಜಾ, ಮಾಮಾಗ ಆಗವಲ್ದು. ನೀವ ಒಂದು ಕಲ್ಲ ಇಡ್ರಿ." ಅಪ್ಪ ಟಿವಿ ಬಿಟ್ಟು ಬಂದು ಹಲಗೆ ಮುಂದೆ ಬಗ್ಗಿ ನಿಂತ. ಮೂಲೆಯಲ್ಲಿ ಇಡಬೇಕು ಅಂದೆವು. ಅಪ್ಪ ಹುಣಸೆಬೀಜ ತೆಗೆದುಕೊಂಡು ಕಟ್ಟಕಡೆಯ ಗೆರೆಗಳು ಕೂಡುವ ಕಡೆ, ಒಂದು-ಒಂದರಲ್ಲಿ, ಇಟ್ಟುಬಿಟ್ಟ. ಹಲಗೆಯಲ್ಲಿ ಅದಕ್ಕಿಂತ ಕೆಟ್ಟ ಜಾಗ ಇಲ್ಲ. ನಡುವಿನ ಕಲ್ಲಿಗೆ ನಾಲ್ಕು ಕಡೆ ಉಸಿರು, ಅಂದರೆ ಪಕ್ಕದ ಖಾಲಿ ಜಾಗ, ಅಂಚಿನದಕ್ಕೆ ಮೂರು, ಅಲ್ಲಿ ಎರಡೇ. ಹುಡುಗ ಬಿದ್ದು ಬಿದ್ದು ನಕ್ಕ. ಅಪ್ಪನಿಗೆ ಯಾಕೆ ನಗು ಅಂತ ತಿಳಿಯಲಿಲ್ಲ. "ಬಾಂದಗಲ್ಲ ಮತ್ತೆಲ್ಲಿ ಇಡತಾರೋ? ನಾಲ್ಕು ಹೆಜ್ಜಿ ಒಳಗ ಇಟ್ಟರ ನಾಲ್ಕು ಹೆಜ್ಜಿ ಮಂದಿಗೆ ಬಿಟ್ಟಂಗ" ಅಂದು ಟಿವಿ ಕಡೆ ಹೋದ. ಹುಡುಗ ಆ ಬೀಜ ತೆಗೆಯಲು ಬಿಡಲಿಲ್ಲ. ಅಜ್ಜನ ಕಲ್ಲು ಅಂತ ಅದನ್ನಿಟ್ಟುಕೊಂಡೇ ಆ ಆಟ ಮುಗಿಸಿದೆವು. ಅದೂ ಸೋತೆ.

ಹೋದ ವಾರ ಊಟಕ್ಕೆ ಕೂತಾಗಲೇ ತೀರ್ಮಾನ ಮಾಡಿಬಿಟ್ಟಿದ್ದೆ. ಹುಡುಗ ಬಂದ, ಚಾಪೆ ಹಾಸಿದ, ಗುಂಡಿ ಡಬ್ಬಿ ತನ್ನ ಕಡೆ ಎಳೆದುಕೊಂಡ. ಇನ್ನೇನು ಅಡುಗೆಮನೆಗೆ ಏಳಬೇಕು, ಅಷ್ಟರಲ್ಲಿ ನಾನು ಮೂರು-ನಾಲ್ಕರಲ್ಲಿ ಬೀಜ ಇಟ್ಟಾಗಿತ್ತು. ಅವನು ಅರ್ಧ ಎದ್ದವನು ಮತ್ತೆ ಕೂತ. ಬೀಜ ನೋಡಿದ, ನನ್ನ ಮುಖ ನೋಡಿದ. "ಮಾಮಾ, ಅರಾಮ ಅದೀರಿಲ್ಲ?" ಅಂದ. ಅವನೂ ಇಟ್ಟ. ನಾನು ಎದುರಿನ ಮೂಲೆ ಹಿಡಿದೆ, ಅದೂ ಮೂರು-ನಾಲ್ಕೇ, ಮುಖ ಮಾತ್ರ ಬೇರೆ ಕಡೆ. ಅಲ್ಲಿಯತನಕ ಎಲ್ಲ ಸೇರಿ ಅರ್ಧ ನಿಮಿಷ. ನನ್ನ ಬಗ್ಗೆ ನನಗೇ ಹೆಮ್ಮೆ ಅನ್ನಿಸಿತು.

ಆಮೇಲೆ ಅವನು ಒಂದು ಗುಂಡಿ ತೆಗೆದು ನನ್ನ ಮೊದಲ ಮೂಲೆಯ ಬಾಗಿಲಿಗೆ ತಂದು ಇಟ್ಟ. ಓರೆಯಾಗಿ, ತಗ್ಗಿನಲ್ಲಿ. ಈಗ ನಾನು ಅದನ್ನು ಆ ಕಡೆಯಿಂದ ಅಡ್ಡಗಟ್ಟಬಹುದು. ಅಡ್ಡಗಟ್ಟುವುದರಲ್ಲೇ ಹತ್ತಿರದಿಂದ, ದೂರದಿಂದ, ಮೇಲಿಂದ ಅಂತ ಐದಾರು ಬಗೆ. ಇಲ್ಲ, ಶುಸಾಕುವಿನ ಹಾಗೆ ಸುಮ್ನೆ ಒಂದು ಹೆಜ್ಜೆ ಓರೆಗೆ ಇಡಬಹುದು. ಕೋಮಿ ಬಂದ ಮೇಲೆ ಅದು ನಿಧಾನದ ನಡೆ ಅಂತ ಬಿಟ್ಟಿದ್ದರು, ಈಗ ಕಂಪ್ಯೂಟರ್‌ಗಳೇ ಅದನ್ನು ಮತ್ತೆ ಆಡುತ್ತವೆ. ಇಲ್ಲವೇ ಇದನ್ನು ಇಲ್ಲಿಗೇ ಬಿಟ್ಟು ನಾಲ್ಕನೇ ಮೂಲೆಗೆ ಹೋಗಬಹುದು. ಬೀಜ ಬೆರಳಲ್ಲೇ ಇತ್ತು. ಒಂದು ನಿಮಿಷ ಆಯಿತು, ಎರಡಾಯಿತು. ಹುಡುಗ ಚಾಪೆಯಿಂದ ಎದ್ದ.

"ಡಬ್ಬಿ ಮ್ಯಾಲಿನ ಕಪಾಟಿನ್ಯಾಗ ಐತಿ" ಅಂತ ನಾನೇ ಕೂಗಿ ಹೇಳಿದೆ.